ಎರಡು ರೂಪಾಯಿಯ ಕುಮಾರವ್ಯಾಸ

ನಮ್ಮ ಮನೆಯ ಅಟ್ಟದ ಮೇಲಿದ್ದ ಭಾರತಕ್ಕೆ ರಟ್ಟು ಇರಲಿಲ್ಲ. ಮೊದಲ ಹತ್ತಾರು ಹಾಳೆಗಳು ಯಾವ ಕಾಲದಲ್ಲೋ ಉದುರಿಹೋಗಿದ್ದವು. ಉಳಿದದ್ದನ್ನು ಚಿಕ್ಕತಾತ ಗೋಣಿಚೀಲ ಹೊಲಿಯುವ ದಬ್ಬಳದಿಂದ ಚುಚ್ಚಿ, ಸೆಣಬಿನ ದಾರ ಪೋಣಿಸಿ ಬಿಗಿದಿದ್ದರು. ಪುಸ್ತಕ ಕೈಗೆತ್ತಿಕೊಂಡರೆ ತಾನಾಗಿ ತೆರೆದುಕೊಳ್ಳುತ್ತಿದ್ದದ್ದು ವಿರಾಟಪರ್ವ. ಮಳೆ ಕೈಕೊಟ್ಟ ವರ್ಷಗಳಲ್ಲೆಲ್ಲ ಊರವರು ಅದನ್ನು ಓದಿಸುತ್ತಿದ್ದರು. ಹಾಗಾಗಿ ಆ ಭಾಗದ ಹಾಳೆಗಳ ಅಂಚು ಕಪ್ಪಾಗಿ, ಬೆರಳು ತಾಗಿ ತಾಗಿ ಹಳೇ ಪಂಚೆಯ ಹಾಗೆ ಮೆತ್ತಗಾಗಿದ್ದವು. "ಎರಡು ರೂಪಾಯಿ ಕೊಟ್ಟು ತಂದದ್ದು ಕಣಪ್ಪಾ, ಎರಡೇ ರೂಪಾಯಿ" ಎಂದು ಚಿಕ್ಕತಾತ ಹೇಳುವಾಗ ಅವರ ದನಿಯಲ್ಲಿ ಎತ್ತಿನ ಜೋಡಿ ಅಗ್ಗಕ್ಕೆ ಸಿಕ್ಕಿದ ರೈತನ ಸಂತೋಷವಿರುತ್ತಿತ್ತು.

ಊರಲ್ಲಿ ತಡವರಿಸದೆ ಓದಬಲ್ಲವರು ನಾಲ್ಕೈದು ಜನ. ಅವರಲ್ಲಿ ಚಿಕ್ಕತಾತ ಒಬ್ಬರು. ರೇಷ್ಮೆಹುಳು ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು. ಆ ವಾರದ ರಾತ್ರಿಗಳಲ್ಲಿ ಹುಳುಮನೆಯ ಬಾಗಿಲಲ್ಲಿ ಲಾಟೀನಿಟ್ಟುಕೊಂಡು ಅವರು ರಾಗವಾಗಿ ಓದುತ್ತಿದ್ದರು. ಒಳಗೆ ತಟ್ಟೆಗಳ ಮೇಲೆ ಹುಳು ಸೊಪ್ಪು ಮೇಯುವ ಸದ್ದು, ಹೊರಗೆ ಭಾಮಿನಿ ಷಟ್ಪದಿ. ಸೊಪ್ಪು ಕತ್ತರಿಸುತ್ತ ಕೂತ ಹೆಂಗಸರು ಕೀಚಕನಿಗೆ ಬೈಯುತ್ತಿದ್ದರು. ಅಕ್ಷರ ಬಾರದ ನಮ್ಮಜ್ಜಿ, ತುಂಬಿದ ಸಭೆಯಲ್ಲಿ ಧರ್ಮರಾಯ ಸುಮ್ಮನಿದ್ದದ್ದು ಸರಿಯೇ ಎಂದು ಬೆಳಗಿನ ಜಾವದವರೆಗೂ ವಾದ ಹೂಡುತ್ತಿದ್ದಳು. ಇಂದಿನ ಯಾವ ಸಮೀಕ್ಷೆ ಮಾಡಿದರೂ ಆ ಮನೆಯ ಲೆಕ್ಕ ಹೀಗೆ ಬರುತ್ತದೆ: ಪುಸ್ತಕ ಒಂದು, ಕೊಂಡವನು ಒಬ್ಬ, ಓದುಗ ಒಬ್ಬ. ಕಾವ್ಯದ ಜೊತೆ ಜಗಳವಾಡಿದ ಇಪ್ಪತ್ತು ಜನ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಓದುವವರು ಕಡಿಮೆಯಾದರು ಎಂಬ ಮಾತನ್ನು ಸಾಹಿತ್ಯದ ಪ್ರತಿ ವೇದಿಕೆಯಲ್ಲೂ ಕೇಳುತ್ತೇನೆ. ಮೊಬೈಲ್ ಬಂತು, ಮಕ್ಕಳು ಕೆಟ್ಟರು, ಇಂಗ್ಲಿಷ್ ಶಾಲೆ ಕನ್ನಡವನ್ನು ನುಂಗಿತು ಎಂದು ಕಾರಣಗಳನ್ನೂ ಅಲ್ಲೇ ಕೊಡುತ್ತಾರೆ. ಇವುಗಳಲ್ಲಿ ಸತ್ಯಾಂಶ ಇಲ್ಲವೆನ್ನುವುದಿಲ್ಲ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಓಡಾಡಿದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಇಲ್ಲಿ ಓದುಗ ಪುಸ್ತಕವನ್ನು ಬಿಟ್ಟಿಲ್ಲ. ಪುಸ್ತಕವೇ ಅವನ ಮನೆಯ ದಾರಿ ಮರೆತಿದೆ. ದೂರು ಹೇಳುವವರು ಮೊದಲು ಆ ದಾರಿಯನ್ನು ನೋಡಬೇಕು.

ಆ ಎರಡು ರೂಪಾಯಿಯ ಕಥೆಗೆ ಬರುತ್ತೇನೆ. ಕೆಂಗಲ್ ಹನುಮಂತಯ್ಯನವರು ರಾಮನಗರದ ಪಕ್ಕದ ಲಕ್ಕಪ್ಪನಹಳ್ಳಿಯವರು. 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಅವರ ಹೆಸರು ಹೇಳಿದರೆ ಜನ ವಿಧಾನಸೌಧ ತೋರಿಸುತ್ತಾರೆ. ಅವರು ಕಟ್ಟಿಸಿದ ಇನ್ನೊಂದು ಸೌಧವಿದೆ. ಅದಕ್ಕೆ ಕಲ್ಲು ಬೇಕಾಗಿರಲಿಲ್ಲ. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಗದುಗಿನ ಭಾರತವನ್ನು ಸರ್ಕಾರವೇ ಅಚ್ಚು ಹಾಕಿಸಿ, ಎರಡು ರೂಪಾಯಿಗೆ ಜನರ ಕೈಗಿಡುವ ಕೆಲಸ ಶುರುವಾದದ್ದು ಅವರ ಆಸಕ್ತಿಯಿಂದ. ಅಷ್ಟು ದಪ್ಪದ ಗ್ರಂಥ, ಇಬ್ಬರು ಮಹಾನ್ ಲೇಖಕರ ಶ್ರಮ, ಬೆಲೆ ಮಾತ್ರ ಸಂತೆಗೆ ಹೋದವನ ಜೇಬಿಗೆ ಎಟುಕುವಂಥದ್ದು. ಹಳೇ ಮೈಸೂರಿನ ಎಷ್ಟೋ ರೈತರ ಮನೆಯಲ್ಲಿದ್ದ ಒಂದೇ ಒಂದು ಪುಸ್ತಕ ಇದಾಗಿತ್ತು.

ಹನುಮಂತಯ್ಯನವರು ಹಳ್ಳಿಯಿಂದ ಬಂದವರಾದ್ದರಿಂದ ಒಂದು ವಿಷಯ ಅವರಿಗೆ ಗೊತ್ತಿತ್ತು ಎಂದು ನಾನು ನಂಬುತ್ತೇನೆ. ಊರಲ್ಲಿ ಕಾವ್ಯದ ಹಸಿವು ಮೊದಲೇ ಇತ್ತು. ಅದನ್ನು ಹುಟ್ಟಿಸುವ ಅಗತ್ಯವಿರಲಿಲ್ಲ, ಉಣಬಡಿಸಿದರೆ ಸಾಕಿತ್ತು. ನಾವು ಈಗ ಮಾಡುತ್ತಿರುವುದು ಇದರ ತಿರುವುಮುರುವು. ಓದಿನ ಅಭಿರುಚಿ ಬೆಳೆಸಬೇಕು ಎಂದು ಭಾಷಣ ಮಾಡುತ್ತೇವೆ, ಕಾದಂಬರಿಗೆ ಮುನ್ನೂರೋ ನಾನೂರೋ ರೂಪಾಯಿ ಬೆಲೆಯಿಡುತ್ತೇವೆ. ನೂಲು ಬಿಚ್ಚುವ ಹೆಣ್ಣುಮಗಳ ಒಂದು ದಿನದ ಕೂಲಿಯೂ ಅದರ ಆಸುಪಾಸೇ. ಪ್ರಕಾಶಕರನ್ನು ದೂರುವುದು ಸುಲಭ. ಐನೂರೋ ಸಾವಿರವೋ ಪ್ರತಿ ಅಚ್ಚಾಕಿಸುವವನಿಗೆ ಕಾಗದ, ಮುದ್ರಣ, ಮಾರಾಟಗಾರನ ಕಮಿಷನ್ ಕಳೆದರೆ ಉಳಿಯುವುದು ಏನೂ ಇಲ್ಲ. ಕಡಿಮೆ ಪ್ರತಿ ಹಾಕುವುದರಿಂದ ಬೆಲೆ ಏರುತ್ತದೆ, ಬೆಲೆ ಏರಿದ್ದರಿಂದ ಪ್ರತಿ ಕಡಿಮೆ ಹೋಗುತ್ತದೆ. ಈ ಗಾಣದಿಂದ ಹೊರಬರಲು ಯಾರಾದರೂ ಒಬ್ಬರು ಧೈರ್ಯ ಮಾಡಲೇಬೇಕು.

2022ರಲ್ಲಿ ಅಂಥದ್ದೊಂದು ಆಯಿತು. ದೇವನೂರ ಮಹಾದೇವ ಅವರು 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಎಂಬ ಪುಟ್ಟ ಪುಸ್ತಕ ಬರೆದು, ಒಬ್ಬರಿಗೆ ಕೊಡದೆ ಹಲವು ಪ್ರಕಾಶನಗಳು ಏಕಕಾಲಕ್ಕೆ ಅಚ್ಚು ಹಾಕಲು ಬಿಟ್ಟರು. ಬೆಲೆ ನಲವತ್ತು ರೂಪಾಯಿ. ಕೆಲವೇ ತಿಂಗಳಲ್ಲಿ ಲಕ್ಷ ಪ್ರತಿ ದಾಟಿತು. ಪುಸ್ತಕದ ವಾದವನ್ನು ಒಪ್ಪಿದವರಿದ್ದಾರೆ, ಕಟುವಾಗಿ ವಿರೋಧಿಸಿದವರಿದ್ದಾರೆ. ಅದು ಬೇರೆ ಚರ್ಚೆ. ನಾನು ಕಂಡದ್ದು ಕನಕಪುರದ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಸಿಟ್ಟಿನಿಂದ ತಡೆದು, ಮೂರನೆಯವರು "ಮೊದ್ಲು ಪೂರ್ತಿ ಓದ್ಲಿ ಬುಡಪ್ಪ" ಎಂದದ್ದನ್ನು. ಬಿಸಿ ವಿಷಯವಾದ್ದರಿಂದ ಮಾರಾಟವಾಯಿತು, ಕವನ ಸಂಕಲನಕ್ಕೆ ಹೀಗೆ ಆಗದು ಎಂದು ಗೆಳೆಯರು ಹೇಳುತ್ತಾರೆ. ಅವರ ಮಾತು ಸರಿಯಿರಬಹುದು. ಬೆಲೆಯೊಂದೇ ಎಲ್ಲವನ್ನೂ ಮಾಡುವುದಿಲ್ಲ. ಆದರೂ ಕನ್ನಡಿಗರು ಪುಸ್ತಕ ಕೊಳ್ಳುವುದಿಲ್ಲ ಎಂಬ ಹಳೇ ತೀರ್ಪು ಅವತ್ತಿಗೆ ಬಿದ್ದುಹೋಯಿತು.

ಕೊಳ್ಳಲಾಗದವರಿಗೆಂದೇ ಗ್ರಂಥಾಲಯವಿದೆ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಮನೆ ಕಂದಾಯದ ರಸೀದಿಯಲ್ಲಿ ಆ ಸಾಲನ್ನು ಬೆರಳಿಟ್ಟು ತೋರಿಸಿದರೆ ಎಷ್ಟೋ ಜನ ಬೆರಗಾಗುತ್ತಾರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಶಾಲೆಗಳು ಕೊರೋನಾದಿಂದ ಮುಚ್ಚಿದ್ದ ಆ ದಿನಗಳಲ್ಲಿ ಇದು ದೊಡ್ಡ ಉಪಕಾರ. ಈಗ ಇವಕ್ಕೆ 'ಅರಿವು ಕೇಂದ್ರ' ಎಂಬ ಚಂದದ ಹೆಸರಿದೆ. ಕೆಲವು ಕಡೆ ಗೋಡೆಗೆ ಬಣ್ಣ ಬಂದಿದೆ, ಕಂಪ್ಯೂಟರ್ ಬಂದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಗ್ಗೆಯೇ ಬಂದು ಕೂರುತ್ತಾರೆ. ಅವರನ್ನು ನಾನು ಕೀಳಾಗಿ ಕಾಣಲಾರೆ. ಪಿಡಿಒ ಪರೀಕ್ಷೆಗೆ ಓದುವವನೂ ಓದುವವನೇ, ಅವನ ಮನೆಯ ಮೂವರ ಊಟ ಆ ಪುಸ್ತಕದಲ್ಲಿದೆ.

ನನ್ನ ಅಸಮಾಧಾನವಿರುವುದು ಕಪಾಟಿನ ಬಗ್ಗೆ. ಸಗಟು ಖರೀದಿ ಯೋಜನೆಯಲ್ಲಿ ಗ್ರಂಥಾಲಯ ಇಲಾಖೆ ಒಂದೊಂದು ಶೀರ್ಷಿಕೆಯ ಮುನ್ನೂರು ಪ್ರತಿ ಕೊಳ್ಳುವ ಪದ್ಧತಿ ಬಂತು. ಸಣ್ಣ ಪ್ರಕಾಶಕರು ಬದುಕಿಕೊಂಡದ್ದು ಅದರಿಂದಲೇ. ಆದರೆ ಎಷ್ಟೋ ಪುಸ್ತಕಗಳು ಆ ಮುನ್ನೂರಕ್ಕಾಗಿಯೇ ಹುಟ್ಟಿ, ಅಷ್ಟರಲ್ಲೇ ಮುಗಿದುಹೋದವು. ಯಾವ ಊರಿಗೆ ಯಾವ ಪುಸ್ತಕ ಬೇಕು ಎಂದು ಊರನ್ನು ಕೇಳಿದವರಿಲ್ಲ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿಗೆ ಐವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. 1931ರಷ್ಟು ಹಿಂದೆಯೇ ಅವರು ಪುಸ್ತಕಕ್ಕೂ ಓದುಗನಿಗೂ ಗಂಟು ಹಾಕುವುದೇ ಗ್ರಂಥಾಲಯದ ಕೆಲಸವೆಂದು ಸೂತ್ರ ಬರೆದಿಟ್ಟಿದ್ದರು.

ನಮ್ಮ ಸೀಮೆಯ ಒಂದು ಹಳ್ಳಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿದ್ದೆ. ಎರಡು ಗಾಡ್ರೆಜ್ ಬೀರುಗಳಿದ್ದವು. ಎರಡಕ್ಕೂ ಬೀಗ. ಮೇಲ್ವಿಚಾರಕಿ ಕಡಿಮೆ ಗೌರವಧನದಲ್ಲಿ ಇಡೀ ದಿನ ದುಡಿಯುವ ಹೆಣ್ಣುಮಗಳು, ಬಹಳ ವಿನಯದವರು. ಪುಸ್ತಕ ಕಳೆದುಹೋದರೆ ತನ್ನ ಕೈಯಿಂದ ಕಟ್ಟಬೇಕಾಗುತ್ತದೆ ಎಂಬ ಭಯಕ್ಕೆ ಬೀಗ ಹಾಕಿದ್ದರು. "ಓದೋಕೆ ಯಾರ್ ಬತ್ತಾರೆ ಸಾರ್, ಪೇಪರ್ ನೋಡ್ಕಂಡು ಹೋಯ್ತಾರೆ" ಎಂದರು. ಬೀಗ ತೆಗೆಸಿ ನೋಡಿದೆ. ಆಳೆತ್ತರದ ಅಭಿನಂದನ ಗ್ರಂಥಗಳು, ಯಾರದೋ ಷಷ್ಟ್ಯಬ್ದಿಯ ಸಂಪುಟಗಳು, ಷೇರು ವ್ಯವಹಾರ ಕಲಿಸುವ ಪುಸ್ತಕ. 'ಊರು ಕೇರಿ' ಇರಲಿಲ್ಲ. 'ಬುಗುರಿ' ಇರಲಿಲ್ಲ.

ಈ ಎರಡು ಹೆಸರುಗಳನ್ನು ಬೇಕೆಂದೇ ಹೇಳುತ್ತಿದ್ದೇನೆ. 'ಊರು ಕೇರಿ' ಎಂಬ ಆತ್ಮಕಥೆ ಬರೆದ ಸಿದ್ಧಲಿಂಗಯ್ಯನವರು 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದವರು. 1975ರಲ್ಲಿ ಬಂದ 'ಹೊಲೆಮಾದಿಗರ ಹಾಡು' ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತು. 2021ರ ಜೂನ್‌ನಲ್ಲಿ ಕೊರೋನಾ ಅವರನ್ನು ಕೊಂಡೊಯ್ದಿತು. 'ಬುಗುರಿ' ಮೊಗಳ್ಳಿ ಗಣೇಶರ ಕಥಾಸಂಕಲನ. ಅವರ ಊರು ಚನ್ನಪಟ್ಟಣ ತಾಲ್ಲೂಕಿನ ಸಂತೆಮೊಗೇನಹಳ್ಳಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಜಾನಪದ ಕಲಿಸಿದವರು. 'ನಾನೆಂಬುದು ಕಿಂಚಿತ್ತು' ಎಂಬ ಆತ್ಮಕಥನ ಬರೆದು, 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆಲೆಮರ ಕಡೆದು, ಅರಗು ಬಳಿದು ಬುಗುರಿ ಮಾಡುವ ತಾಲ್ಲೂಕಿನಲ್ಲಿ ಹುಟ್ಟಿದವನು ತನ್ನ ಕಥೆಗಳಿಗೆ ಅದೇ ಹೆಸರಿಟ್ಟ. ಆ ಪುಸ್ತಕ ಇದೇ ತಾಲ್ಲೂಕಿನ ಹುಡುಗನಿಗೆ ಸಿಗಬೇಕಾದರೆ ಅವನು ಬೆಂಗಳೂರಿನ ಗಾಂಧಿನಗರಕ್ಕೋ ಬಸವನಗುಡಿಗೋ ಹೋಗಬೇಕು. ನಮ್ಮ ನಾಲ್ಕು ಊರುಗಳಲ್ಲಿ ಪುಸ್ತಕದಂಗಡಿ ಎಂಬ ಬೋರ್ಡ್ ನೋಡಿ ನಾನು ಹತ್ತಿದ ಕಡೆಯಲ್ಲೆಲ್ಲ ಸಿಕ್ಕಿದ್ದು ನೋಟ್‌ಬುಕ್ಕು, ಗೈಡು, ಜಾಮಿಟ್ರಿ ಬಾಕ್ಸು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದಾಗ ಬಿಡದಿ, ರಾಮನಗರ, ಚನ್ನಪಟ್ಟಣಗಳೆಲ್ಲ ಬೈಪಾಸ್‌ನ ಪಕ್ಕಕ್ಕೆ ಸರಿದವು. ರಸ್ತೆಬದಿಯ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು ಎಂದು ಊರವರು ಗೋಳಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಆಗ ನನಗೆ ನೆನಪಾದದ್ದು ಪುಸ್ತಕ. ಬೆಂಗಳೂರಿನಲ್ಲಿ ಬಿಡುಗಡೆ, ಮೈಸೂರಿನಲ್ಲಿ ಸಂವಾದ, ನಡುವಿನ ಊರುಗಳ ಮೇಲೆ ಹಾರಿಹೋಗುವ ಪಯಣ. ಪುಸ್ತಕಗಳ ಬೈಪಾಸ್ ಹೆದ್ದಾರಿಗಿಂತ ಎಷ್ಟೋ ಹಳೆಯದು.

ಒಂದು ಪುಸ್ತಕ ತನ್ನೂರಿಗೆ ಬಂದರೆ ಏನಾಗುತ್ತದೆ ಎಂದು ನೋಡಿದ್ದೇನೆ. 'ಊರು ಕೇರಿ'ಯ ಮೊದಲಲ್ಲೇ ಒಂದು ನೋಟ ಬರುತ್ತದೆ. ಹೊಲದಲ್ಲಿ ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರನ್ನು ಕಟ್ಟಿದ್ದಾರೆ, ಮೂರನೆಯವನು ಉಳುತ್ತಿದ್ದಾನೆ. ಹೆಗಲು ಕೊಟ್ಟವರಲ್ಲಿ ಒಬ್ಬ ನೋಡುತ್ತಿರುವ ಹುಡುಗನ ಅಪ್ಪ. ಸಿದ್ಧಲಿಂಗಯ್ಯ ಇಲ್ಲಿ ದನಿಯೆತ್ತುವುದಿಲ್ಲ. ಕಂಡದ್ದನ್ನು ಹೇಳಿ ಮುಂದೆ ಹೋಗಿಬಿಡುತ್ತಾರೆ. ಬೆಂಗಳೂರಿನ ಕಾಲೇಜುಗಳಲ್ಲಿ ಈ ಪುಟ ಪಾಠವಾಗುವುದನ್ನು ಕೇಳಿದ್ದೇನೆ. ಅಲ್ಲಿ ಅದು ದಲಿತ ಸಾಹಿತ್ಯದ ಒಂದು ಉದಾಹರಣೆ, ಹತ್ತು ಅಂಕದ ಪ್ರಶ್ನೆ. ಮಾಗಡಿ ಸೀಮೆಯ ಕೇರಿಯೊಂದರ ಜಗಲಿಯ ಮೇಲೆ ಅದನ್ನೇ ನಾನು ಓದಿದೆ. ಓದಿ ಮುಗಿಸಿದಾಗ ಎಂಬತ್ತರ ಹತ್ತಿರದ ಯಜಮಾನರೊಬ್ಬರು ಅಂಗಿಯ ಗುಂಡಿ ಬಿಚ್ಚಿ ತಮ್ಮ ಬಲ ಹೆಗಲನ್ನು ತೋರಿಸಿದರು. ಅಲ್ಲೊಂದು ಹಳೇ ಗುರುತಿತ್ತು. ಅದು ನೊಗದ್ದೋ, ಹೊರೆಯದ್ದೋ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಮೊಮ್ಮಗಳು ಎಂಟನೇ ಕ್ಲಾಸಿನವಳು, ಪುಸ್ತಕವನ್ನು ನನ್ನ ಕೈಯಿಂದ ಇಸಕೊಂಡು ಬರೆದವರ ಊರಿನ ಹೆಸರಿದ್ದ ಪುಟವನ್ನು ಎರಡು ಸಲ ನೋಡಿದಳು. ಮಂಚನಬೆಲೆಯವರು ಪುಸ್ತಕ ಬರೆಯುತ್ತಾರೆ ಎಂಬುದು ಅವಳಿಗೆ ಅವತ್ತು ತಿಳಿದ ಸುದ್ದಿ.

ಇಂಥ ಓದಿಗೆ ಇನ್ನೊಂದು ಸಾಕ್ಷಿ ಇತ್ತೀಚಿನದು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡಕ್ಕೆ ಇದು ಮೊದಲು, ಸಣ್ಣಕಥೆಗಳ ಸಂಕಲನಕ್ಕೂ ಇದೇ ಮೊದಲು. ಎಲ್ಲರಂತೆ ನಾನೂ ಕುಣಿದಾಡಿದೆ. ಸಂಭ್ರಮ ಇಳಿದ ಮೇಲೆ ಮನಸ್ಸಿನಲ್ಲಿ ಉಳಿದದ್ದು ಒಂದು ಕಸಿವಿಸಿ. ಆ ಹನ್ನೆರಡು ಕಥೆಗಳು 1990ರಿಂದೀಚೆಗೆ ಕನ್ನಡದಲ್ಲೇ ಇದ್ದವು. ಅವು ಯಾರ ಬದುಕಿನ ಕಥೆಗಳೋ ಅಂಥ ಹೆಂಗಸರು ನಮ್ಮ ರಾಮನಗರದ ಫಿಲೇಚರುಗಳಲ್ಲಿ ಕುದಿನೀರಿನ ಮುಂದೆ ಕೂತು ದಿನವೂ ನೂಲು ತೆಗೆಯುತ್ತಿದ್ದಾರೆ. ಲಂಡನ್ನಿಗೆ ಮುಟ್ಟಿದ ಕಥೆ ಅವರಿಗೆ ಮುಟ್ಟಿರಲಿಲ್ಲ.

ನನ್ನ ಜೊತೆ ಓದಿದವನೊಬ್ಬನ ಮನೆಯ ಹಿಂದೆ ಸಣ್ಣ ರೀಲಿಂಗ್ ಘಟಕವಿದೆ. ಬೇಸಿನ್ನಿನ ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಎಂಟು ಹತ್ತು ಗೂಡಿನ ಎಳೆ ಸೇರಿ ಒಂದು ನೂಲು. ಎಳೆ ಕಡಿದರೆ ಕೈಯಲ್ಲೇ ಹುಡುಕಿ ಸೇರಿಸಬೇಕು. ನೆನೆದು ನೆನೆದು ಹೆಂಗಸರ ಬೆರಳ ತುದಿ ಬಿಳುಚಿ ಸುಕ್ಕಾಗಿರುತ್ತವೆ, ಬೆಂದ ಹುಳದ ವಾಸನೆ ಸೆರಗಿಗೆ ಅಂಟಿರುತ್ತದೆ. ಅಲ್ಲಿ ಕನ್ನಡ, ದಖನಿ ಉರ್ದು ಎರಡೂ ಒಂದೇ ಮಾತಿನಲ್ಲಿ ಬರುತ್ತವೆ. ಊಟದ ಬಿಡುವಿನಲ್ಲಿ ಗೆಳೆಯನ ಮಗಳು, ಡಿಗ್ರಿ ಓದುವ ಹುಡುಗಿ, 'ಕರಿನಾಗರಗಳು' ಕಥೆಯನ್ನು ಓದಿದಳು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಕಾಯಿಲೆಯ ಕೂಸನ್ನು ಎತ್ತಿಕೊಂಡು ಮುತವಲ್ಲಿಯ ಮುಂದೆ ನ್ಯಾಯಕ್ಕೆ ನಿಲ್ಲುವ ಕಥೆ. ಮೊದಲು ತಟ್ಟೆ ತೊಳೆಯುತ್ತ, ಎಲೆಯಡಿಕೆ ಹಾಕುತ್ತ ಕೇಳಿದರು. ಆಮೇಲೆ ಎಲೆಗೆ ಸುಣ್ಣ ಹಚ್ಚಿದ ಬೆರಳು ಹಾಗೇ ನಿಂತಿತು. ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬಾಕೆ ಕೇಳಿದ್ದು, "ಇದ್ನ ಬರ್ದೋರು ನಮ್ಮೋರಾ? ಎಲ್ಲಿಯೋರು?" ಹಾಸನದವರು, ವಕೀಲರು ಎಂದಳು ಹುಡುಗಿ. "ವಕೀಲ್ರಾ! ಅದಕ್ಕೇ ಪೂರ್ತಿ ಗೊತ್ತೈತೆ" ಎಂದು ಆಕೆ ಎದ್ದು ಬೇಸಿನ್ನಿನ ಕಡೆಗೆ ನಡೆದಳು. ಆ ಕಥೆಯ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇದಕ್ಕಿಂತ ತೂಕದ ಮಾತು ನೆನಪಿಲ್ಲ.

ಗಂಭೀರ ಸಾಹಿತ್ಯ ಇವರಿಗೆ ಅರ್ಥವಾಗದು ಎನ್ನುವವರು ಒಮ್ಮೆ ಬಂದು ಅಲ್ಲಿ ಕೂರಬೇಕು. ಕಿವಿಯಿಂದ ಬಂದ ಸಾಹಿತ್ಯಕ್ಕೆ ನಮ್ಮ ಸೀಮೆಯಲ್ಲಿ ಯಾವತ್ತೂ ಬರವಿರಲಿಲ್ಲ. ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಲು ರಾಮನಗರದ ಹೆದ್ದಾರಿ ಪಕ್ಕದ ಹದಿನೈದು ಎಕರೆಯನ್ನು ಆರಿಸಿಕೊಂಡರು. ಅಲ್ಲಿ ಕಾಪಿಟ್ಟಿರುವ ಧ್ವನಿಮುದ್ರಣಗಳಲ್ಲಿ ಹಾಡಿರುವವರಲ್ಲಿ ಎಷ್ಟೋ ಜನ ಹೆಬ್ಬೆಟ್ಟಿನವರು. ಜಿ.ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ. ಸಂಸ್ಕೃತ, ಪಾಳಿ ಬಲ್ಲ ಆ ಪಂಡಿತ ತನ್ನ ಅತ್ಯುತ್ತಮ ಪದ್ಯಗಳನ್ನು ಬರೆದದ್ದು ಹೆಂಡದಂಗಡಿಯ ಮುಂದೆ ನಿಂತವನ ಬಾಯಿಮಾತಿನಲ್ಲಿ. ಅಚ್ಚಿನ ಪುಸ್ತಕ ಬಂದ ಮೇಲೆ ಕಣ್ಣು ಮಾತ್ರ ಓದುವ ಅಂಗವಾಯಿತು. ಒಬ್ಬನೇ, ಸದ್ದಿಲ್ಲದೆ, ಕೋಣೆಯಲ್ಲಿ ಓದುವುದೇ ಓದು ಎಂಬ ಭಾವನೆ ಬಂತು. ಆ ಓದಿನ ಸುಖ ನನಗೂ ಗೊತ್ತು, ನನ್ನ ಬದುಕಿನ ಬಹುಭಾಗ ಅದರಲ್ಲೇ ಕಳೆದಿದೆ. ಆದರೆ ಅದೊಂದನ್ನೇ ಓದು ಎಂದು ಕರೆದರೆ ಒಂದು ಕೋಣೆಯ ಮನೆಯವರನ್ನೆಲ್ಲ ಓದಿನಿಂದ ಹೊರಗಿಟ್ಟಂತೆ.

ಮೊಬೈಲ್ ಬಗ್ಗೆ ಹೆಚ್ಚು ಹೇಳಲಾರೆ. ಬೆಳಗಿನ ಮೆಮು ರೈಲಿನಲ್ಲಿ ಬಿಡದಿ, ಕೆಂಗೇರಿ ದಾಟಿ ಕೆ‌ಲಸಕ್ಕೆ ಹೋಗುವವರ ಕೈಯಲ್ಲಿ ಅದೇ ಇರುತ್ತದೆ. ನಡುವೆ ಒಬ್ಬಿಬ್ಬರ ಕಿವಿಯಲ್ಲಿ ತೇಜಸ್ವಿಯವರ 'ಕರ್ವಾಲೊ' ಓಡುತ್ತಿರುವುದನ್ನೂ ಕಂಡಿದ್ದೇನೆ. 2020ರಿಂದ ರಾಜ್ಯದ ಡಿಜಿಟಲ್ ಗ್ರಂಥಾಲಯವಿದೆ, ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕಗಳು ಸಿಗುತ್ತವೆ. ಹುಳುಮನೆಯ ಬಾಗಿಲಲ್ಲಿ ಓದುತ್ತಿದ್ದ ಚಿಕ್ಕತಾತನ ಜಾಗಕ್ಕೆ ಫೋನು ಬಂದರೆ ನನಗೆ ತಕರಾರಿಲ್ಲ. ಒಂದೇ ಕೊರತೆ, ಫೋನಿನ ಕಥೆಯನ್ನು ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುತ್ತಾರೆ. ಅಜ್ಜಿ ಧರ್ಮರಾಯನ ಮೇಲೆ ಜಗಳ ತೆಗೆಯಲು ಎದುರಿಗೆ ಯಾರಾದರೂ ಬೇಕಲ್ಲವೇ?

ಹೀಗೆ ಕೂಡಿ ಓದಲು ಜಾಗಗಳಿಗೆ ಕೊರತೆಯಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಎನ್ನುತ್ತಾರೆ. ದೂರದೂರುಗಳಿಂದ ರೈತರು ಗೂಡು ತಂದು, ಹರಾಜು ಮುಗಿದು ದುಡ್ಡಿನ ಲೆಕ್ಕ ಆಗುವವರೆಗೆ ಗಂಟೆಗಟ್ಟಲೆ ಕಾಯುತ್ತಾರೆ. ಕಾಯುವವನಿಗೆ ಒಂದು ಬೆಂಚು, ಒಂದು ಕಪಾಟು ಸಾಕು. ಅದರಲ್ಲಿ ವಸುಧೇಂದ್ರರ 'ರೇಷ್ಮೆ ಬಟ್ಟೆ' ಇರಲಿ. ತಾನು ಬೆಳೆದ ಗೂಡು ಎರಡು ಸಾವಿರ ವರ್ಷದ ಹಿಂದೆ ಯಾವ ಮರುಭೂಮಿ ದಾಟುತ್ತಿತ್ತು ಎಂದು ಹಾರೋಹಳ್ಳಿಯ ರೈತ ಓದಲಿ, ತಪ್ಪಿದ್ದರೆ ತಿದ್ದಲಿ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ ಸುಮಾರು 10.8 ಲಕ್ಷ, ಸಾಕ್ಷರತೆ ಶೇ. 69ರ ಆಸುಪಾಸು. ನೂರಕ್ಕೆ ಮೂವತ್ತು ಜನ ಓದಲು ಬಾರದವರಾದರೆ ಗಟ್ಟಿಯಾಗಿ ಓದುವುದನ್ನೂ ಗ್ರಂಥಾಲಯದ ಕೆಲಸವೆಂದು ಎಣಿಸಬೇಕು. ವಾರಕ್ಕೊಂದು ಸಂಜೆ, ಒಂದು ಗಂಟೆ, ಊರಿನ ಡಿಗ್ರಿ ಓದುವ ಮಕ್ಕಳಲ್ಲಿ ಒಬ್ಬರು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು, ಅದರ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಜಿಲ್ಲೆಯ ಹೆಸರು ಏನೇ ಇರಲಿ, ಅದರ ಪ್ರತಿ ಪಂಚಾಯಿತಿಯ ಬೀರುವಿನಲ್ಲಿ ಸಿದ್ಧಲಿಂಗಯ್ಯ, ಮೊಗಳ್ಳಿ ಗಣೇಶ್, ರಾಜರತ್ನಂ, ನಾಗೇಗೌಡರ ಒಂದೊಂದಾದರೂ ಪುಸ್ತಕ ಇರಬೇಕು ಎಂಬುದು ದೊಡ್ಡ ಬೇಡಿಕೆಯೇನೂ ಅಲ್ಲ. ಗ್ರಂಥಾಲಯ ಕರ ಕಟ್ಟುವವರಿಗೆ ಅದನ್ನು ಕೇಳುವ ಹಕ್ಕಿದೆ.

ಬೀಗ ಹಾಕಿದ್ದ ಆ ಗ್ರಂಥಾಲಯಕ್ಕೆ ಮರುವಾರ 'ಊರು ಕೇರಿ'ಯ ಒಂದು ಪ್ರತಿ ಕೊಟ್ಟು ಬಂದಿದ್ದೆ. ಹೋದರೆ ನನ್ನ ಜವಾಬ್ದಾರಿ, ನಿಮ್ಮದಲ್ಲ ಎಂದು ಮೇಲ್ವಿಚಾರಕಿಗೆ ಬರೆದುಕೊಟ್ಟಿದ್ದೆ. ಮೊನ್ನೆ ಹೋದಾಗ ಅವರು ರಿಜಿಸ್ಟರ್ ತೆಗೆದು ತೋರಿಸಿದರು. ಆ ಪುಸ್ತಕದ ಹೆಸರಿನ ಮುಂದೆ ಹನ್ನೊಂದು ಸಹಿಗಳಿದ್ದವು. ಹನ್ನೆರಡನೆಯದು ಸಹಿಯಲ್ಲ, ನೀಲಿ ಶಾಯಿಯ ಹೆಬ್ಬೆಟ್ಟು. ಕೊಂಡೊಯ್ದು ನಾಲ್ಕು ತಿಂಗಳಾಗಿದೆ, ವಾಪಸ್ ಬಂದಿಲ್ಲ. "ಆ ಯಜಮಾನ್ರಿಗೆ ಅಕ್ಷರ ಬರಲ್ಲ ಸಾರ್, ಸೊಸೆ ಕೈಲಿ ಓದಿಸ್ತಾರಂತೆ. ದಿನಾ ಒಂದೊಂದು ಪುಟ. ಕೇಳಿದ್ರೆ ಇನ್ನೂ ಅರ್ಧ ಐತೆ ಅಂತಾರೆ. ದಂಡ ಹಾಕ್ಲಾ?" ಎಂದು ಕೇಳಿದರು. ಬೇಡಮ್ಮ, ಕೇಳಲೂ ಬೇಡಿ, ಇನ್ನೊಂದು ಪ್ರತಿ ತಂದುಕೊಡುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.